ಜೋಡು ನಳಿಗೆಯಿಂದ ರೈಫಲ್‌ಗೆ: ಅಮೆರಿಕದ ಜಿಂಕೆ, ಎಲ್ಕ್ ಬೇಟೆಗೆ ಕ್ಯಾಲಿಬರ್ ಆರಿಸುವ ಬಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಹುಟ್ಟಿ ಈಗ ಕೊಲರಾಡೊ, ಮೊಂಟಾನ, ವಾಷಿಂಗ್ಟನ್ ರಾಜ್ಯಗಳಲ್ಲಿ ಕೆಲಸಕ್ಕಿರುವವರು ಅಲ್ಲಿನ ಬೇಟೆಯ ಋತು ಹತ್ತಿರ ಬಂದಾಗ ಊರಿಗೆ ಫೋನ್ ಮಾಡಿ ಕೇಳುವುದು ಒಂದೇ: ಯಾವ ರೈಫಲ್ ತಗೊಳ್ಳಲಿ? ಅಜ್ಜನ ಕಾಲದ ಜೋಡು ನಳಿಗೆ ಕೋವಿ ನೋಡಿ ಬೆಳೆದವರಿಗೆ ಉತ್ತರ ಸುಲಭ ಅನ್ನಿಸುತ್ತದೆ. ದೊಡ್ಡ ಪ್ರಾಣಿ, ದೊಡ್ಡ ತೋಟಾ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹೆಗಲು ಹೆದರದೆ ಹೊಡೆಯಬಲ್ಲ ರೈಫಲ್, ಅದಕ್ಕೆ ಪ್ರಾಣಿಗೆ ತಕ್ಕ ಗುಂಡು. ಆರಿಸುವಾಗ ಈ ಎರಡನ್ನು ಮೊದಲು ನೋಡಬೇಕು, ಕ್ಯಾಲಿಬರ್‌ನ ಹೆಸರು ಆಮೇಲೆ.

ಮೊದಲೇ ಒಂದು ಮಾತು. ಇದೆಲ್ಲ ಅಲ್ಲಿನ ರಾಜ್ಯಗಳ ಲೈಸೆನ್ಸ್ ಪಡೆದು ಮಾಡುವ ಬೇಟೆಗೆ ಮಾತ್ರ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಹೊಡೆಯುವಂತಿಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲ. ರಜೆಗೆ ಊರಿಗೆ ಬಂದಾಗ ಅಲ್ಲಿನ ಅಭ್ಯಾಸವನ್ನು ಇಲ್ಲಿ ಮುಂದುವರಿಸುವ ಯೋಚನೆಯೇ ಬೇಡ.

ಪ್ರಾಣಿಯ ಗಾತ್ರ ಮನಸ್ಸಿಗೆ ಬರಲಿ

ಹೆಸರಿನಲ್ಲೇ ಗೊಂದಲವಿದೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತ ಮತ್ತು ಸಿಲೋನಿನ ಪ್ಲಾಂಟರುಗಳು ನಮ್ಮ ಕಡವೆಯನ್ನೇ ಎಲ್ಕ್ ಅನ್ನುತ್ತಿದ್ದರು. ಯುರೋಪಿನಲ್ಲಿ ಎಲ್ಕ್ ಅಂದರೆ ಅಮೆರಿಕದವರು ಮೂಸ್ ಅನ್ನುವ ಪ್ರಾಣಿ. ಅಮೆರಿಕದ ಎಲ್ಕ್ ಬೇರೆ, ಅದಕ್ಕೆ ವಾಪಿಟಿ ಎಂಬ ಹೆಸರೂ ಇದೆ. ರಾಕಿ ಪರ್ವತದ ಗಂಡು ಎಲ್ಕ್ 300 ಕೆಜಿ ದಾಟುತ್ತದೆ, ಹೆಣ್ಣು ಸುಮಾರು 225 ಕೆಜಿ. ಅಂದರೆ ನಮ್ಮ ದೊಡ್ಡ ಗಂಡು ಕಡವೆಯ ಅಂದಾಜಿನಿಂದ ಶುರುವಾಗಿ ಮೇಲಕ್ಕೆ. ಅಲ್ಲಿನ ಬಿಳಿಬಾಲದ ಜಿಂಕೆ ನಮ್ಮ ಚುಕ್ಕೆ ಜಿಂಕೆಯ ಆಸುಪಾಸಿನದು, ಮ್ಯೂಲ್ ಡೀರ್ ಇನ್ನೊಂದಿಷ್ಟು ದಪ್ಪ. ಜಿಂಕೆಗೂ ಎಲ್ಕ್‌ಗೂ ತೂಕದಲ್ಲಿ ಮೂರು ನಾಲ್ಕು ಪಟ್ಟು ಅಂತರ. ಮೂಳೆ ದಪ್ಪ, ಭುಜದ ಮಾಂಸ ದಪ್ಪ. ಗುಂಡು ಇದನ್ನೆಲ್ಲ ದಾಟಿ ಶ್ವಾಸಕೋಶದವರೆಗೆ ಹೋಗಬೇಕು.

ಬೋರ್ ಬೇರೆ, ಕ್ಯಾಲಿಬರ್ ಬೇರೆ

12 ಬೋರ್ ಅಂದರೆ ನಳಿಗೆಯ ಅಗಲಕ್ಕೆ ಸರಿಹೊಂದುವ 12 ಸೀಸದ ಗುಂಡುಗಳು ಒಂದು ಪೌಂಡ್ ತೂಗುತ್ತವೆ ಎಂದರ್ಥ. ಅದಕ್ಕೇ ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು. ಕ್ಯಾಲಿಬರ್ ನೇರ ಅಳತೆ: .30 ಅಂದರೆ ಇಂಚಿನ ನೂರರಲ್ಲಿ ಮೂವತ್ತು ಭಾಗ. ಆದರೆ ಅದು ಗುಂಡಿನ ದಪ್ಪವನ್ನಷ್ಟೇ ಹೇಳುತ್ತದೆ. .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್ ಮೂರರಲ್ಲೂ ಗುಂಡಿನ ದಪ್ಪ ಒಂದೇ, ಹಿಂದಿನ ಮದ್ದಿನ ಪ್ರಮಾಣ ಬೇರೆ. ಒಂದರ ತೋಟಾ ಇನ್ನೊಂದರಲ್ಲಿ ಹೊಡೆಯುವಂತಿಲ್ಲ. ಹಳೆಯ ಇಂಗ್ಲಿಷ್ ಕೋವಿಯ ಎರಡೂವರೆ ಇಂಚಿನ ಚೇಂಬರ್‌ಗೆ ಎರಡೂಮುಕ್ಕಾಲು ಇಂಚಿನ ತೋಟಾ ಹಾಕಬಾರದು ಎಂದು ಮನೆಯಲ್ಲಿ ಬೈಸಿಕೊಂಡವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ನಳಿಗೆಯ ಮೇಲೆ ಕೆತ್ತಿದ ಹೆಸರೂ ತೋಟಾದ ತಳದ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಬೇಕು.

ಗುಂಡಿನ ತೂಕ ಗ್ರೇನ್ ಲೆಕ್ಕದಲ್ಲಿ. 180 ಗ್ರೇನ್ ಅಂದರೆ ಸರಿಯಾಗಿ ಒಂದು ತೊಲ, ಸುಮಾರು ಹನ್ನೊಂದೂಮುಕ್ಕಾಲು ಗ್ರಾಂ. ಎಲ್ಕ್ ಬೇಟೆಯ ಹಳೆಯ, ನಂಬಿಕಸ್ಥ .30-06 ಗುಂಡಿನ ತೂಕ ಅದೇ.

ಯಾವ ಕ್ಯಾಲಿಬರ್ ಎಲ್ಲಿಯವರೆಗೆ

ಅಲ್ಲಿನ ಬೇಟೆಗಾರರಲ್ಲಿ ಒಂದು ರೂಢಿಯ ಲೆಕ್ಕವಿದೆ: ಗುಂಡು ತಾಗುವಾಗ ಜಿಂಕೆಗೆ ಕನಿಷ್ಠ 1,000 ಅಡಿ-ಪೌಂಡ್, ಎಲ್ಕ್‌ಗೆ 1,500 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇದು ವಿಜ್ಞಾನದ ನಿಯಮವಲ್ಲ. ಆದರೂ ಎಷ್ಟು ದೂರದಲ್ಲಿ ಕೈ ತಡೆಯಬೇಕು ಎಂದು ತಿಳಿಯಲು ಒಳ್ಳೆಯ ಗೆರೆ.

.243 ವಿಂಚೆಸ್ಟರ್ ಜಿಂಕೆಗೆ ಸಾಕು. 95ರಿಂದ 100 ಗ್ರೇನ್ ಗುಂಡು, ಮಗುವಿನಂಥ ಒದೆತ, 250 ಗಜದವರೆಗೆ ಚೊಕ್ಕ ಕೆಲಸ. ಕೊಲರಾಡೊದ ಕಾನೂನು ಎಲ್ಕ್‌ಗೂ ಇದನ್ನು ಒಪ್ಪುತ್ತದೆ, ಆದರೆ ಹೊಸಬರು ಎಲ್ಕ್ ಮೇಲೆ ಎತ್ತಬೇಕಾದ ರೈಫಲ್ ಇದಲ್ಲ. ಭುಜದ ಮೂಳೆಗೆ ಬಿದ್ದರೆ ಮುಂದಕ್ಕೆ ಹೋಗಲು ಗುಂಡಿನಲ್ಲಿ ತೂಕವೇ ಉಳಿದಿರುವುದಿಲ್ಲ.

6.5 ಕ್ರೀಡ್‌ಮೂರ್ 2007ರಲ್ಲಿ ಬಂದದ್ದು, ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 140 ಗ್ರೇನ್ ಆಸುಪಾಸಿನ ಗುಂಡು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ. ಒದೆತ ಕಡಿಮೆ, ಗಾಳಿಗೆ ವಾಲುವುದೂ ಕಡಿಮೆ. ಜಿಂಕೆಗೆ ಬಹಳ ಒಳ್ಳೆಯದು. ಎಲ್ಕ್‌ಗೆ ಗಟ್ಟಿ ಗುಂಡು ಹಾಕಿ 300 ಗಜದೊಳಗೆ ನಿಲ್ಲಿಸಿ. ಇದೇ ಸಾಲಿಗೆ 7 ಎಂಎಂ-08 ರೆಮಿಂಗ್ಟನ್ ಸೇರುತ್ತದೆ. ಸಣ್ಣ ಮೈಕಟ್ಟಿನವರಿಗೆ ನಮ್ಮ ಮೊದಲ ಸಲಹೆ ಅದು.

.270 ವಿಂಚೆಸ್ಟರ್ 1925ರದು. 130 ಗ್ರೇನ್ ಗುಂಡು 3,060 ಅಡಿ ವೇಗ. ತೆರೆದ ಬಯಲಲ್ಲಿ ಮ್ಯೂಲ್ ಡೀರ್‌ಗೆ ಇದಕ್ಕಿಂತ ನೇರವಾಗಿ ಹಾರುವುದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಎಲ್ಕ್‌ಗೆ 150 ಗ್ರೇನ್ ಬಾಂಡೆಡ್ (ಸೀಸವನ್ನೂ ಹೊದಿಕೆಯನ್ನೂ ಬೆಸೆದ) ಗುಂಡು, ಇಲ್ಲವೇ 130 ಗ್ರೇನ್ ಅಪ್ಪಟ ತಾಮ್ರದ್ದು.

.308 ವಿಂಚೆಸ್ಟರ್ ಮತ್ತು .30-06. ಜಿಂಕೆ ಹಾಗೂ ಎಲ್ಕ್ ಎರಡಕ್ಕೂ ಒಂದೇ ರೈಫಲ್ ಬೇಕು ಅನ್ನುವವರು ಇಲ್ಲಿ ನಿಲ್ಲಿ. 1906ರ .30-06ರಲ್ಲಿ 150 ಗ್ರೇನ್ ಜಿಂಕೆಗೆ, 180 ಗ್ರೇನ್ ಎಲ್ಕ್‌ಗೆ. 180ರದ್ದು 2,700 ಅಡಿ ವೇಗ, ನಳಿಗೆಯ ಬಾಯಿಯಲ್ಲಿ ಸುಮಾರು 2,900 ಅಡಿ-ಪೌಂಡ್. 300 ಗಜ ದಾಟಿದ ಮೇಲೂ 1,500ಕ್ಕಿಂತ ಮೇಲೇ ಇರುತ್ತದೆ. .308 ಇದಕ್ಕಿಂತ ಒಂದು ಹೆಜ್ಜೆ ಹಿಂದೆ, ಆದರೆ ರೈಫಲ್ ಗಿಡ್ಡ, ಒದೆತ ಸ್ವಲ್ಪ ಕಡಿಮೆ. ಎಷ್ಟು ಸಣ್ಣ ಊರಿನ ಅಂಗಡಿಗೆ ಹೋದರೂ ಈ ಎರಡರ ತೋಟಾ ಸಿಗುತ್ತದೆ. ವಿಮಾನದಲ್ಲಿ ತೋಟಾದ ಪೆಟ್ಟಿಗೆ ಕಳೆದುಹೋದ ದಿನ ಈ ಗುಣದ ಬೆಲೆ ತಿಳಿಯುತ್ತದೆ. ಇಶಾಪುರದ ನಮ್ಮ ಸರ್ಕಾರಿ ಕಾರ್ಖಾನೆ ನಾಗರಿಕರಿಗೆ ಮಾಡುವ ರೈಫಲ್‌ಗಳಲ್ಲಿ .315 ಜೊತೆಗೆ .30-06 ಕೂಡ ಇದೆ. ಹಾಗಾಗಿ ಹಾಸನ, ಚಿಕ್ಕಮಗಳೂರಿನ ರೈಫಲ್ ಕ್ಲಬ್ಬಿನ ಹಿರಿಯರಿಗೆ ಇದು ಅಪರಿಚಿತ ಹೆಸರೇನಲ್ಲ.

7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, .300 ವಿಂಚೆಸ್ಟರ್ ಮ್ಯಾಗ್ನಮ್. ಎಲ್ಕ್‌ಗೆ ಎರಡೂ ಶ್ರೇಷ್ಠ, ಅನುಮಾನವಿಲ್ಲ. ಆದರೆ ಎಂಟು ಪೌಂಡ್ ರೈಫಲ್‌ನಲ್ಲಿ .30-06 ಸುಮಾರು 20 ಅಡಿ-ಪೌಂಡ್ ಒದ್ದರೆ .300 ಮ್ಯಾಗ್ನಮ್ 26ರ ಆಸುಪಾಸು ಒದೆಯುತ್ತದೆ. 6.5 ಕ್ರೀಡ್‌ಮೂರ್ ಬರೀ 12. "12 ಬೋರ್ ಹೊಡೆದ ಹೆಗಲು, ಇದೇನು ಮಹಾ" ಅನ್ನಬೇಡಿ. ಕೋವಿ ಹೊಡೆಯುವುದು ನಿಂತು, ಮೈ ಸಡಿಲ ಬಿಟ್ಟು. ಒದೆತ ಬಂದಾಗ ಮೈ ಹಿಂದಕ್ಕೆ ತೂಗಿ ಅದನ್ನು ನುಂಗುತ್ತದೆ. ರೈಫಲ್ ಗುರಿ ಹೊಂದಿಸುವಾಗ ಬೆಂಚಿಗೆ ಒರಗಿ ಕೂತಿರುತ್ತೀರಿ, ಹೆಗಲಿಗೆ ಹಿಂದೆ ಹೋಗಲು ಜಾಗವಿಲ್ಲ. ಹತ್ತು ಈಡು ಮುಗಿಯುವಷ್ಟರಲ್ಲಿ ಮನಸ್ಸು ಹೆದರಿ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಲು ಕಲಿಯುತ್ತದೆ. ಆ ಹೆದರಿಕೆ ಒಮ್ಮೆ ಕೂತರೆ ತೆಗೆಯಲು ತಿಂಗಳುಗಳು ಬೇಕು. ಮ್ಯಾಗ್ನಮ್‌ನಿಂದ ಹೊಟ್ಟೆಗೆ ತಾಗಿದ ಎಲ್ಕ್ ಕಣಿವೆ ದಾಟಿ ಹೋಗಿ ಎಲ್ಲೋ ನರಳಿ ಸಾಯುತ್ತದೆ. .308ರಿಂದ ಶ್ವಾಸಕೋಶಕ್ಕೆ ತಾಗಿದ್ದು ನೂರು ಗಜದೊಳಗೆ ಬೀಳುತ್ತದೆ. ಮೊದಲ ಮೂರು ನಾಲ್ಕು ಋತು ಮ್ಯಾಗ್ನಮ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಗುಂಡಿನ ವಿಷಯ ಇನ್ನೂ ಮುಖ್ಯ

ಚರೆಯ ಕೋವಿಯವರಿಗೆ ಎಲ್‌ಜಿ, ಎಸ್‌ಜಿ, ನಂಬರ್ 4 ಎಂದು ಚರೆಯ ಗಾತ್ರ ನೋಡಿ ಪ್ರಾಣಿಗೆ ತಕ್ಕ ತೋಟಾ ಆರಿಸುವುದು ಗೊತ್ತು. ರೈಫಲ್‌ನಲ್ಲೂ ಹಾಗೇ, ಆದರೆ ಇಲ್ಲಿ ಆರಿಸಬೇಕಾದದ್ದು ಒಂದೇ ಗುಂಡಿನ ಒಳಕಟ್ಟು. ಬೇಟೆಯ ಗುಂಡು ತಾಗಿದ ಮೇಲೆ ಅಣಬೆಯಂತೆ ಅರಳಬೇಕು, ಅರಳಿದ ಮೇಲೂ ಒಡೆಯದೆ ಒಳಕ್ಕೆ ಸಾಗಬೇಕು. ಈ ಎರಡು ಗುಣ ಒಂದಕ್ಕೊಂದು ವಿರುದ್ಧ. ಗುಂಡುಗಳ ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಇರುವುದೂ ಅದಕ್ಕೇ.

ಸಾದಾ ಗುಂಡಿನಲ್ಲಿ ಸೀಸದ ಮೇಲೆ ತಾಮ್ರದ ತೆಳು ಹೊದಿಕೆ. ಬೇಗ ಅರಳುತ್ತದೆ, ಜಿಂಕೆಗೆ ಸಾಕು. ಹತ್ತಿರದಲ್ಲಿ, ವೇಗ ಹೆಚ್ಚಿರುವಾಗ ಎಲ್ಕ್‌ನ ಭುಜದ ಮೂಳೆಗೆ ಬಿದ್ದರೆ ಹೊದಿಕೆ ಕಳಚಿ ಚೂರಾಗುತ್ತದೆ: ಮೇಲೆ ದೊಡ್ಡ ಗಾಯ, ಒಳಗೆ ಏನೂ ಇಲ್ಲ. ಬಾಂಡೆಡ್ ಗುಂಡಿನಲ್ಲಿ ಸೀಸವನ್ನೂ ಹೊದಿಕೆಯನ್ನೂ ಬೆಸೆದಿರುತ್ತಾರೆ. ಪಾರ್ಟಿಷನ್ ಗುಂಡಿನ ನಡುವೆ ತಾಮ್ರದ ಗೋಡೆ ಇದೆ, ಮುಂದಿನರ್ಧ ಅರಳುತ್ತದೆ, ಹಿಂದಿನರ್ಧ ಹಾಗೇ ಒಳಗೆ ಹೋಗುತ್ತದೆ. ನಾಲ್ಕನೆಯದು ಸೀಸವೇ ಇಲ್ಲದ ಅಪ್ಪಟ ತಾಮ್ರ. ತೂಕ ಕಳೆದುಕೊಳ್ಳುವುದಿಲ್ಲ, ಆಳಕ್ಕೆ ಹೋಗುತ್ತದೆ, ಮಾಂಸದಲ್ಲಿ ಸೀಸದ ಚೂರು ಉಳಿಯುವುದಿಲ್ಲ. ಆದರೆ ವೇಗ ಸೆಕೆಂಡಿಗೆ 2,000 ಅಡಿಯ ಕೆಳಗಿಳಿದರೆ ಸರಿಯಾಗಿ ಅರಳದಿರಬಹುದು, ಆದ್ದರಿಂದ ದೂರದ ಈಡಿಗೆ ಹಗುರ ತೂಕದ್ದನ್ನೇ ಹಾಕಿ ವೇಗ ಉಳಿಸಿಕೊಳ್ಳಬೇಕು. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಕೆಲವು ನಳಿಗೆಗಳ ಒಳಗಿನ ಸುರುಳಿ ಗೀರುಗಳ ತಿರುವು ಅದನ್ನು ಸರಿಯಾಗಿ ಸುತ್ತಿಸುವುದಿಲ್ಲ. ನಿಮ್ಮ ರೈಫಲ್ ಅದನ್ನು ಒಪ್ಪುತ್ತದೆಯೇ ಎಂದು ಗುರಿ ಹಾಳೆಯ ಮೇಲೆ ನೋಡದೆ ಕಾಡಿಗೆ ಒಯ್ಯಬೇಡಿ. ಕ್ಯಾಲಿಫೋರ್ನಿಯದಲ್ಲಿರುವವರಿಗೆ ಆಯ್ಕೆಯೇ ಇಲ್ಲ. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ.

ಪೂರ್ತಿ ಲೋಹದ ಹೊದಿಕೆಯ ಅಗ್ಗದ ಗುಂಡು ಅಭ್ಯಾಸಕ್ಕೆ ಮಾತ್ರ. ಅದು ಅರಳದೆ ಸೂಜಿಯಂತೆ ಆಚೆ ಹೋಗುತ್ತದೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

ರೈಫಲ್, ದೂರದರ್ಶಕ

ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಈಡಿಗೂ ಹಿಡಿಕೆಯನ್ನು ಕೈಯಿಂದ ಎಳೆದು ತಳ್ಳುವ ರೈಫಲ್ ತೆಗೆದುಕೊಳ್ಳಿ. ಸರಳ, ಗಟ್ಟಿ, ಒಳಗೆ ತೋಟಾ ಇದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಕಡಿಮೆ ಬೆಲೆಯವು. ಟಿಕ್ಕಾ ಟಿ3ಎಕ್ಸ್, ವಿಂಚೆಸ್ಟರ್ ಮಾಡೆಲ್ 70 ಅದಕ್ಕಿಂತ ಮೇಲಿನವು. ಅಗ್ಗದ್ದೂ ಬೇಟೆಗೆ ಬೇಕಾದಷ್ಟು ಕರಾರುವಾಕ್ಕಾಗಿ ಹೊಡೆಯುತ್ತದೆ. ಉಳಿದ ಹಣ ಸ್ಕೋಪ್‌ಗೆ, ಅಂದರೆ ರೈಫಲ್ ಮೇಲೆ ಕೂರಿಸುವ ದೂರದರ್ಶಕಕ್ಕೆ ಇರಲಿ.

ತೂಕ ಸ್ಕೋಪ್ ಸೇರಿ ಎಂಟು ಪೌಂಡ್ ಹತ್ತಿರ ಇದ್ದರೆ ಹದ. ಆರು ಪೌಂಡಿನ ರೈಫಲ್ ಬೆಟ್ಟ ಹತ್ತುವಾಗ ಖುಷಿ ಕೊಡುತ್ತದೆ, ಹೊಡೆಯುವಾಗ ಕಪಾಳಕ್ಕೆ ಬಾರಿಸುತ್ತದೆ. ನಳಿಗೆ ಸಾಮಾನ್ಯ ಕ್ಯಾಲಿಬರ್‌ಗೆ 22 ಇಂಚು, ಮ್ಯಾಗ್ನಮ್‌ಗೆ 24. ಅಲ್ಲಿನ ರೈಫಲ್‌ಗಳ ಸ್ಟಾಕ್ (ಹೆಗಲಿಗೆ ಊರುವ ಭಾಗ) ಉದ್ದ ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು. ಐದೂವರೆ ಅಡಿ ಎತ್ತರದವರಿಗೆ ದಪ್ಪ ಜಾಕೆಟ್ ಹಾಕಿದ ಮೇಲೆ ಅದು ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಳ್ಳಬಹುದು. ಅಂಗಡಿಗೆ ಚಳಿಗಾಲದ ಜಾಕೆಟ್ ಹಾಕಿಕೊಂಡೇ ಹೋಗಿ, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ತೆರೆದಾಗ ಸ್ಕೋಪ್‌ನ ಪೂರ್ತಿ ವೃತ್ತ ಕಾಣಬೇಕು. ಕಾಣದಿದ್ದರೆ ಆ ರೈಫಲ್ ನಿಮಗಲ್ಲ. ಮರದ ಸ್ಟಾಕ್ ಚಂದ, ಒಪ್ಪೋಣ. ಆದರೆ ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವಂತೆ ಒದ್ದೆ ಹಿಮದಲ್ಲಿ ಮರ ಉಬ್ಬಿ ನಳಿಗೆಗೆ ಒತ್ತುತ್ತದೆ, ಗುರಿ ಸರಿದುಹೋಗುತ್ತದೆ. ಸಿಂಥೆಟಿಕ್ ಸ್ಟಾಕ್, ಸ್ಟೇನ್‌ಲೆಸ್ ನಳಿಗೆ ನೆಮ್ಮದಿ.

ಸ್ಕೋಪ್ 3-9x40 (ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿ.ಮೀ. ಮುಂದಿನ ಗಾಜಿನದು) ಸಾಕು. ನಡೆಯುವಾಗ 3ರಲ್ಲೇ ಇಟ್ಟುಕೊಳ್ಳಿ, ಹತ್ತಿರದಲ್ಲಿ ಪ್ರಾಣಿ ಎದ್ದರೆ 9ರಲ್ಲಿ ಬರೀ ರೋಮ ಕಾಣುತ್ತದೆ. ಕಣ್ಣಿಗೂ ಸ್ಕೋಪ್‌ಗೂ ಮೂರೂವರೆ ಇಂಚು ಬಿಡದಿದ್ದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ಉಂಗುರದ ಸ್ಕ್ರೂಗಳನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ. ಬಿಗಿಯ ಅಳತೆ ತೋರಿಸುವ ಟಾರ್ಕ್ ವ್ರೆಂಚ್‌ನಲ್ಲಿ 15ರಿಂದ 18 ಇಂಚು-ಪೌಂಡ್, ತಯಾರಕರು ಬೇರೆ ಹೇಳಿದ್ದರೆ ಅವರ ಅಂಕಿ. "ರೈಫಲ್ ಕೆಟ್ಟಿದೆ" ಎಂದು ಅಂಗಡಿಗೆ ವಾಪಸ್ ಬರುವ ಎಷ್ಟೋ ರೈಫಲ್‌ಗಳಲ್ಲಿ ಕೆಟ್ಟಿರುವುದು ಸಡಿಲವಾದ ಸ್ಕ್ರೂ.

ಗುರಿ ಹೊಂದಿಸುವುದು

ಮೊದಲು 25 ಗಜ. ಒಂದು ಈಡು ಹೊಡೆದು ಸ್ಕೋಪ್‌ನ ತಿರುಪು ತಿರುಗಿಸಿ ನಡುವಿಗೆ ತನ್ನಿ. ಸಾಮಾನ್ಯ ಸ್ಕೋಪ್‌ನಲ್ಲಿ ಒಂದು ಕ್ಲಿಕ್ 100 ಗಜದಲ್ಲಿ ಕಾಲಿಂಚು, ಹಾಗಾಗಿ 25 ಗಜದಲ್ಲಿ ಒಂದಿಂಚು ಸರಿಯಲು 16 ಕ್ಲಿಕ್ ಬೇಕು. ಆಮೇಲೆ 100 ಗಜಕ್ಕೆ ಹೋಗಿ ಮೂರು ಮೂರು ಈಡಿನ ಗುಂಪು. ಒಂದೇ ಈಡು ನೋಡಿ ಕ್ಲಿಕ್ ತಿರುಗಿಸಿದರೆ ದಿನವೆಲ್ಲ ತಪ್ಪನ್ನೇ ಅಟ್ಟಿಸಿಕೊಂಡು ಹೋಗುತ್ತೀರಿ. ಗುಂಪುಗಳ ನಡುವೆ ನಳಿಗೆ ಆರಲು ಐದು ಹತ್ತು ನಿಮಿಷ ಬಿಡಿ. ಗುಂಪು 100 ಗಜದಲ್ಲಿ ಗುರಿಗಿಂತ ಎರಡಿಂಚು ಮೇಲೆ ಬಿದ್ದರೆ .30-06ರ 180 ಗ್ರೇನ್ ಗುಂಡು 200 ಗಜದಲ್ಲಿ ಸರಿಯಾಗಿ ತಾಗುತ್ತದೆ, 300ರಲ್ಲಿ ಎಂಟೂವರೆ ಇಂಚು, 400ರಲ್ಲಿ ಸುಮಾರು ಎರಡಡಿ ಕೆಳಗೆ ಬೀಳುತ್ತದೆ. 300 ಆದ ಮೇಲೆ ಎಷ್ಟು ಬೇಗ ಇಳಿಯುತ್ತದೆ ನೋಡಿ. ಬೇಟೆಗೆ ಒಯ್ಯುವ ತೋಟಾದಲ್ಲೇ ಗುರಿ ಹೊಂದಿಸಬೇಕು, ಬೇರೆ ಕಂಪನಿಯ ಅದೇ ತೂಕದ ಗುಂಡೂ ಬೇರೆ ಕಡೆ ಬೀಳುತ್ತದೆ.

ಬೆಂಚಿನ ಕೆಲಸ ಅಲ್ಲಿಗೆ ಮುಗಿಸಿ. ಮಿಕ್ಕ ತೋಟಾಗಳನ್ನೆಲ್ಲ ಕೂತು, ಮಂಡಿಯೂರಿ, ಬ್ಯಾಗಿನ ಮೇಲೆ ಊರಿ ಹೊಡೆಯಿರಿ. ಋತುವಿಗೆ ಮುಂಚೆ 40ರಿಂದ 60 ಈಡು ಆಗಲೇಬೇಕು. ಹೆದರಿಕೆ ಕೂತಿದೆಯೋ ಎಂದು ಪರೀಕ್ಷಿಸಲು ಸ್ನೇಹಿತರ ಕೈಲಿ ಮ್ಯಾಗಜಿನ್ ತುಂಬಿಸಿ, ನಡುವೆ ಒಂದೆರಡು ಡಮ್ಮಿ ತೋಟಾ ಸೇರಿರಲಿ. ಡಮ್ಮಿ ಬಂದಾಗ ನಳಿಗೆ ತುದಿ ಕೆಳಗೆ ಕುಕ್ಕಿದರೆ ಉತ್ತರ ಸಿಕ್ಕಿತು. ಅಲ್ಲಿಂದ ಮುಂದೆ ಹಗುರ ತೋಟಾ, ಇಲ್ಲವೇ ಸಣ್ಣ ಕ್ಯಾಲಿಬರ್.

ದೂರ ಕಣ್ಣಿಗೆ ಮೋಸ ಮಾಡುತ್ತದೆ

ಸಿಲ್ವರ್ ಮರದ ನೆರಳಿನ ಕಾಫಿ ತೋಟದಲ್ಲಿ ಮೂವತ್ತು ನಲವತ್ತು ಗಜದಾಚೆ ಕಾಣುವುದೇ ಅಪರೂಪ. ನಮ್ಮ ಕಣ್ಣಿನ ಅಂದಾಜು ಬೆಳೆದದ್ದು ಅಲ್ಲಿ. ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಲ್ಲಿ ನಿಂತು ಎದುರು ಇಳಿಜಾರಿನಲ್ಲಿ ಮೇಯುವ ದನ ನೋಡಿದರೆ ಎಲ್ಕ್ ಸೀಮೆಯ ದೂರದ ಅಂದಾಜು ಸಿಗುತ್ತದೆ: ಇನ್ನೂರು ಗಜ ಅನ್ನಿಸಿದ್ದು ಅಳೆದರೆ ನಾನೂರು. ಲೇಸರ್ ರೇಂಜ್‌ಫೈಂಡರ್ ಐಷಾರಾಮ ಅಲ್ಲ, ರೈಫಲ್‌ನ ಭಾಗ ಎಂದೇ ಎಣಿಸಿ. ಇಳಿಜಾರಿನಲ್ಲಿ ಗುಂಡು ಬೀಳುವುದು ಅಡ್ಡ ದೂರದ ಲೆಕ್ಕಕ್ಕೆ. 30 ಡಿಗ್ರಿ ಇಳಿಜಾರಿನಲ್ಲಿ 300 ಗಜ ಕಂಡರೆ 260 ಎಂದು ತಿಳಿದು ಹೊಡೆಯಬೇಕು, ಇಲ್ಲದಿದ್ದರೆ ಬೆನ್ನ ಮೇಲಿಂದ ಹೋಗುತ್ತದೆ. ಎತ್ತರವೂ ನೆನಪಿರಲಿ. ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,330 ಅಡಿ. ಕೊಲರಾಡೊದ ಎಲ್ಕ್ ಕಾಡು ಅದಕ್ಕಿಂತ ಎರಡು ಮೂರು ಸಾವಿರ ಅಡಿ ಮೇಲೆ. ಏದುಸಿರಿನಲ್ಲಿ ಸ್ಕೋಪ್‌ನ ಗೆರೆ ಕುಣಿಯುತ್ತದೆ. ಉಸಿರು ಇಳಿಯುವವರೆಗೆ ಕಾಯಿರಿ.

ಪ್ರಾಣಿ ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಎತ್ತರ. ತಲೆಗೂ ಕುತ್ತಿಗೆಗೂ ಗುರಿಯಿಡಬೇಡಿ. ಜಿಂಕೆಯಲ್ಲಿ ಗುರಿಯ ಜಾಗ ಎಂಟು ಇಂಚು. ಊರಿಕೊಂಡು ಹೊಡೆದ ಐದರಲ್ಲಿ ಐದೂ ಎಂಟು ಇಂಚಿನ ತಟ್ಟೆಗೆ ಎಷ್ಟು ದೂರದವರೆಗೆ ಬೀಳುತ್ತವೋ ಅದೇ ನಿಮ್ಮ ಗರಿಷ್ಠ ದೂರ, ರೈಫಲ್‌ನ ಶಕ್ತಿ ಏನೇ ಇರಲಿ. ಎಲ್ಕ್‌ನ ಗುರಿಯ ಜಾಗ ಇನ್ನೂ ದೊಡ್ಡದು, ಆದರೂ ತಟ್ಟೆ ಬದಲಿಸಬೇಡಿ. ಓಡುವ ಪ್ರಾಣಿಗೆ ಕೋವಿ ತಿರುಗಿಸಿ ಹೊಡೆಯುವ ಅಭ್ಯಾಸ ಚರೆಗೆ ಸರಿ, ಒಂಟಿ ಗುಂಡಿಗೆ ಅಲ್ಲ. ಎಲ್ಕ್ ಸ್ಥಳದಲ್ಲೇ ಬೀಳುವುದು ಕಡಿಮೆ, ಚೆನ್ನಾಗಿ ತಾಗಿದ್ದೂ ಏನೂ ಆಗದಂತೆ ನಡೆದುಹೋಗುತ್ತದೆ. ನಿಂತಿದ್ದರೆ ತಕ್ಷಣ ಇನ್ನೊಂದು ಈಡು. ಮರೆಯಾದರೆ ಅರ್ಧ ಗಂಟೆ ಕಾದು ನೆತ್ತರ ಜಾಡು ಹಿಡಿಯಿರಿ.

ಕಾಗದಪತ್ರ

ಕೊಲರಾಡೊದಲ್ಲಿ ಜಿಂಕೆ, ಎಲ್ಕ್ ರೈಫಲ್ ಕನಿಷ್ಠ .24 ಕ್ಯಾಲಿಬರ್, ಅರಳುವ ಗುಂಡು ಜಿಂಕೆಗೆ ಕನಿಷ್ಠ 70, ಎಲ್ಕ್‌ಗೆ 85 ಗ್ರೇನ್, 100 ಗಜದಲ್ಲಿ 1,000 ಅಡಿ-ಪೌಂಡ್ ಇರಬೇಕು. ಸೊಂಟದಿಂದ ಮೇಲಕ್ಕೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ಅದೇ ಬಣ್ಣದ ಟೋಪಿ ಕಡ್ಡಾಯ. 1949ರ ಜನವರಿ 1ರಿಂದೀಚೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಬೇಟೆ ಲೈಸೆನ್ಸಿನ ಲಾಟರಿಗೆ ಹಾಕುವ ಅರ್ಜಿಯ ಗಡುವು ಏಪ್ರಿಲ್ ಮೊದಲ ವಾರದಲ್ಲೇ ಬರುತ್ತದೆ, ಅಕ್ಟೋಬರ್‌ನಲ್ಲಿ ನೆನಪಾದರೆ ತಡವಾಯಿತು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಒಹಾಯೊದಲ್ಲಿ ಜಿಂಕೆಗೆ .30-06 ಒಯ್ಯುವಂತೆಯೇ ಇಲ್ಲ, ಅಲ್ಲಿ .350 ಲೆಜೆಂಡ್‌ನಂಥ ನೇರ ಗೋಡೆಯ (ಬಾಯಿಯ ಕಡೆ ಕುತ್ತಿಗೆಯಂತೆ ಕಿರಿದಾಗದ) ತೋಟಾ ಮಾತ್ರ. ರೈಫಲ್ ಕೊಳ್ಳುವ ಮುಂಚೆ ನಿಮ್ಮ ರಾಜ್ಯದ ಆ ವರ್ಷದ ನಿಯಮ ಪುಸ್ತಕ ಓದಿ.

ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಇಂಥ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಮುಗಿದ ದಿನ ಬೀರುವಿನಲ್ಲಿರುವ ರೈಫಲ್ ಅಪರಾಧವಾಗುತ್ತದೆ. ಸ್ನೇಹಿತರ ರೈಫಲ್ ಎರವಲು ಪಡೆದು ಹಿಡಿದರೂ ಅದೇ ಲೆಕ್ಕ. ನವೀಕರಣದ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿ, ಅನುಮಾನವಿದ್ದರೆ ವೀಸಾ ನೋಡಿಕೊಳ್ಳುವ ವಕೀಲರನ್ನು ಕೇಳಿ.

ಚಳಿಯಲ್ಲಿ ರೈಫಲ್ ಕಾಯುವುದು

ಮುಂಗಾರಿನ ತೇವಕ್ಕೆ ಹೆದರಿ ಧಾರಾಳವಾಗಿ ಎಣ್ಣೆ ಸುರಿಯುವುದು ನಮ್ಮ ಕೈಗೆ ಬಂದ ರೂಢಿ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಆ ಎಣ್ಣೆ ಗಟ್ಟಿಯಾಗಿ ತೋಟಾದ ತಳಕ್ಕೆ ಬಡಿಯುವ ಫೈರಿಂಗ್ ಪಿನ್ ನಿಧಾನವಾಗುತ್ತದೆ, ತೋಟಾ ಹೊತ್ತಿಕೊಳ್ಳುವುದೇ ಇಲ್ಲ. ಬೋಲ್ಟ್ ಬಿಚ್ಚಿ ಹಳೆಯ ಎಣ್ಣೆ ಪೂರ್ತಿ ಒರೆಸಿ, ಚಳಿಗೆಂದೇ ಮಾಡಿದ ತೆಳು ಎಣ್ಣೆ ಬಟ್ಟೆಯಲ್ಲಿ ಸವರಿದಷ್ಟೇ ಸಾಕು. ಹಿಮ ನಳಿಗೆಗೆ ಹೋಗದಂತೆ ಬಾಯಿಗೆ ಒಂದು ಪದರ ಎಲೆಕ್ಟ್ರಿಕಲ್ ಟೇಪ್ ಅಂಟಿಸಿ. ಅದರ ಮೂಲಕವೇ ಹೊಡೆಯಬಹುದು, ಗುರಿ ಕೆಡುವುದಿಲ್ಲ. ಸಂಜೆ ಬಿಸಿಯಾದ ಡೇರೆಯೊಳಕ್ಕೆ ರೈಫಲ್ ತಂದರೆ ತಣ್ಣನೆಯ ಲೋಹದ ಮೇಲೆ ನೀರು ಬೆವರಿ, ಬೆಳಿಗ್ಗೆ ಹೊರಗೆ ತೆಗೆದಾಗ ಬೋಲ್ಟ್ ಮಂಜುಗಡ್ಡೆಯಾಗಿ ಹಿಡಿದಿರುತ್ತದೆ. ತೋಟಾ ತೆಗೆದು, ಚೀಲಕ್ಕೆ ಹಾಕಿ, ಬೀಗ ಹಾಕಿದ ಗಾಡಿಯ ತಣ್ಣನೆಯ ಹಿಂಭಾಗದಲ್ಲೇ ರಾತ್ರಿಯಿಡೀ ಬಿಡಿ.